ಎರಡು ವರ್ಷದ ಗಡುವಿನ ಬದುಕು

ಟೆಕ್ಸಸ್ ರಾಜ್ಯದ ಟೈಲರ್ ಗುಲಾಬಿ ಬೆಳೆಗೆ ಹೆಸರಾದ ಊರು. ಅಲ್ಲಿನ ತೋಟ, ಕಾರ್ಖಾನೆಗಳಲ್ಲಿ ದುಡಿಯಲು ಮೆಕ್ಸಿಕೊದಿಂದ ಬಂದು ನೆಲೆಸಿದ್ದ ಕುಟುಂಬಗಳಿಗೆ 1977ರಲ್ಲಿ ಶಾಲಾ ಮಂಡಳಿ ಒಂದು ಷರತ್ತು ಹಾಕಿತು. ಕಾನೂನುಬದ್ಧ ವಾಸದ ಕಾಗದ ಇಲ್ಲದ ಮಗು ಶಾಲೆಗೆ ಬರಬೇಕಾದರೆ ವರ್ಷಕ್ಕೆ 1,000 ಡಾಲರ್ ಶುಲ್ಕ ಕಟ್ಟಬೇಕು. ಮೂರು ನಾಲ್ಕು ಮಕ್ಕಳಿದ್ದ ಕೂಲಿಕಾರನಿಗೆ ಅದು ಆಗದ ಮಾತು. ಮಕ್ಕಳು ಮನೆಯಲ್ಲೇ ಉಳಿದರು. ನಾಲ್ಕು ಕುಟುಂಬಗಳು ಧೈರ್ಯ ಮಾಡಿ ಕೋರ್ಟಿನ ಮೆಟ್ಟಿಲು ಹತ್ತಿದವು. ಅವರ ಗುರುತು ಬಯಲಾಗದಿರಲೆಂದು ನ್ಯಾಯಾಧೀಶರು ವಿಚಾರಣೆಯನ್ನು ಬೆಳಗಿನ ಆರು ಗಂಟೆಗೆ ಇಟ್ಟುಕೊಂಡರು, ಅರ್ಜಿಯಲ್ಲಿ ನಿಜ ಹೆಸರು ಬೇಡವೆಂದರು. ಆದರೂ ಒಂದು ಕುಟುಂಬ ಮನೆಯ ಸಾಮಾನನ್ನು ಕಾರಿಗೆ ತುಂಬಿಕೊಂಡೇ ಕೋರ್ಟಿಗೆ ಬಂದಿತ್ತು. ಅಲ್ಲಿಂದಲೇ ಗಡೀಪಾರು ಮಾಡಿಬಿಟ್ಟರೆ ಎಂಬ ಭಯ.

ಆ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಗಿ 1982ರ ಜೂನ್ 15ರಂದು ತೀರ್ಮಾನವಾಯಿತು. ಶಾಲಾ ಅಧೀಕ್ಷಕರ ಹೆಸರಿನಿಂದಾಗಿ ಅದನ್ನು ‘ಪ್ಲೈಲರ್ ವಿರುದ್ಧ ಡೋ’ ಪ್ರಕರಣ ಎನ್ನುತ್ತಾರೆ. ಐದು ನ್ಯಾಯಮೂರ್ತಿಗಳು ಮಕ್ಕಳ ಪರ, ನಾಲ್ವರು ವಿರುದ್ಧ. ಬಹುಮತದ ತೀರ್ಪು ಬರೆದ ವಿಲಿಯಂ ಬ್ರೆನನ್ ಅವರ ವಾದ ಸರಳವಾಗಿತ್ತು. ಸಂವಿಧಾನದ 14ನೇ ತಿದ್ದುಪಡಿ ಕಾನೂನಿನ ಸಮಾನ ರಕ್ಷಣೆಯನ್ನು ಪ್ರಜೆಗಳಿಗಷ್ಟೇ ಕೊಟ್ಟಿಲ್ಲ, ದೇಶದ ವ್ಯಾಪ್ತಿಯೊಳಗಿರುವ ಯಾವ ವ್ಯಕ್ತಿಗಾದರೂ ಕೊಟ್ಟಿದೆ. ಅಪ್ಪ ಅಮ್ಮ ಗಡಿ ದಾಟಿ ಬಂದದ್ದಕ್ಕೆ ಮಗುವನ್ನು ದಂಡಿಸುವುದು ನ್ಯಾಯವಲ್ಲ. ಅಕ್ಷರ ಕಲಿಸದೆ ಒಂದು ತಲೆಮಾರನ್ನು ಸಮಾಜದ ತಳದಲ್ಲಿ ಕೂಡಿಹಾಕಿದರೆ ಅದರ ಹಾನಿ ದೇಶಕ್ಕೇ. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಕೂಡ ಮಕ್ಕಳನ್ನು ಶಾಲೆಯಿಂದ ಹೊರಗಿಡುವುದು ಜಾಣತನವೆಂದು ಹೇಳಲಿಲ್ಲ. ಅದನ್ನು ಸರಿಪಡಿಸಬೇಕಾದದ್ದು ಶಾಸಕಾಂಗವೇ ಹೊರತು ಕೋರ್ಟಲ್ಲ ಎಂಬುದು ಅವರ ಆಕ್ಷೇಪ. ಅಲ್ಲಿಂದೀಚೆಗೆ ನಡೆದ ಹೋರಾಟವೆಲ್ಲ ಒಂದರ್ಥದಲ್ಲಿ ಬರ್ಗರ್ ಎತ್ತಿದ ಆ ಪ್ರಶ್ನೆಯ ಸುತ್ತಲೇ ಸುತ್ತಿದೆ.

ತೀರ್ಪು ಶಾಲೆಯ ಬಾಗಿಲು ತೆರೆಯಿತು. ಆದರೆ ಹನ್ನೆರಡನೇ ತರಗತಿಯ ಆಚೆಗೆ ಏನು ಎಂಬುದನ್ನು ಅದು ಮುಟ್ಟಲಿಲ್ಲ. ಆ ಮಗು ಅಮೆರಿಕದ ಶಾಲೆಯಲ್ಲಿ ಓದುತ್ತದೆ, ದಿನ ಬೆಳಗಾದರೆ ಆ ದೇಶದ ಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡುತ್ತದೆ, ಇಂಗ್ಲಿಷಿನಲ್ಲೇ ಯೋಚಿಸಲು ಕಲಿಯುತ್ತದೆ. ಹದಿನಾರಕ್ಕೆ ಡ್ರೈವಿಂಗ್ ಲೈಸೆನ್ಸ್ ಕೇಳಲು ಹೋದಾಗಲೋ, ಹದಿನೆಂಟಕ್ಕೆ ಕಾಲೇಜಿನ ಅರ್ಜಿ ತುಂಬುವಾಗಲೋ ತನ್ನ ಬಳಿ ಏನೂ ಇಲ್ಲವೆಂದು ಅದಕ್ಕೆ ಗೊತ್ತಾಗುತ್ತದೆ. ಸರ್ಕಾರದ ವಿದ್ಯಾರ್ಥಿ ನೆರವಿಲ್ಲ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಿಲ್ಲ, ಕೆಲಸಕ್ಕೆ ಅನುಮತಿಯಿಲ್ಲ.

‘ಹಾಗಾದರೆ ಸರದಿಯಲ್ಲಿ ನಿಂತು ಕಾನೂನುಬದ್ಧರಾಗಲಿ’ ಎನ್ನುವ ಮಾತನ್ನು ನಮ್ಮವರೂ ಆಡುತ್ತಾರೆ. ಇವರಿಗೆ ನಿಲ್ಲಲು ಸರದಿಯೇ ಇಲ್ಲ. 1986ರಲ್ಲಿ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾನೂನು ಸುಮಾರು 27 ಲಕ್ಷ ಮಂದಿಯನ್ನು ಸಕ್ರಮಗೊಳಿಸಿತು. ಅಷ್ಟು ದೊಡ್ಡ ಅವಕಾಶ ಮತ್ತೆ ಬರಲಿಲ್ಲ. 1996ರ ವಲಸೆ ಕಾನೂನು ಇದ್ದ ಸಂದಿಯನ್ನೂ ಮುಚ್ಚಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಕ್ರಮವಾಗಿ ಇದ್ದವರು ದೇಶ ಬಿಟ್ಟು ಹೊರಟರೆ ಹತ್ತು ವರ್ಷ ಒಳಗೆ ಬರುವಂತಿಲ್ಲ. ಹದಿನೆಂಟು ತುಂಬುವವರೆಗಿನ ವಾಸ ಲೆಕ್ಕಕ್ಕಿಲ್ಲ, ತುಂಬಿದ ಮರುದಿನದಿಂದ ಗಡಿಯಾರ ಓಡತೊಡಗುತ್ತದೆ. ಪ್ರಜೆಯನ್ನೇ ಮದುವೆಯಾದರೂ, ಅನುಮತಿಯಿಲ್ಲದೆ ಗಡಿ ದಾಟಿ ಬಂದವರು ಸಾಮಾನ್ಯವಾಗಿ ಹೊರಗೆ ಹೋಗಿಯೇ ವೀಸಾ ಪಡೆಯಬೇಕು, ಹೊರಗೆ ಹೋದರೆ ಹತ್ತು ವರ್ಷದ ನಿಷೇಧ ಕಾದಿರುತ್ತದೆ.

ಈ ಯುವಜನರಿಗಾಗಿ ಮೊದಲ ಮಸೂದೆ 2001ರಲ್ಲಿ ಸೆನೆಟ್‌ಗೆ ಬಂತು. ಷಿಕಾಗೊದಲ್ಲಿ ಪಿಯಾನೊ ನುಡಿಸುತ್ತಿದ್ದ ಒಬ್ಬ ಪ್ರತಿಭಾವಂತ ಹುಡುಗಿ ಸಂಗೀತ ಕಾಲೇಜಿಗೆ ಅರ್ಜಿ ಹಾಕುವಾಗ ಕಾಗದ ಪತ್ರವಿಲ್ಲದೆ ಸಿಕ್ಕಿಬಿದ್ದಳು. ಕೊರಿಯಾದ ತಂದೆ ತಾಯಿಗೆ ಬ್ರೆಜಿಲ್‌ನಲ್ಲಿ ಹುಟ್ಟಿದವಳು ಆಕೆ. ಅವಳ ವಿಷಯ ಇಲಿನಾಯ್ ಸೆನೆಟರ್ ಡಿಕ್ ಡರ್ಬಿನ್ ಕಚೇರಿಗೆ ತಲುಪಿತು. ಡರ್ಬಿನ್ ಡೆಮಾಕ್ರಟ್. ಅವರು ಯೂಟಾದ ರಿಪಬ್ಲಿಕನ್ ಸೆನೆಟರ್ ಆರಿನ್ ಹ್ಯಾಚ್ ಜೊತೆ ಸೇರಿ ‘ಡ್ರೀಮ್ ಆ್ಯಕ್ಟ್’ ಮಂಡಿಸಿದರು. ಚಿಕ್ಕಂದಿನಲ್ಲೇ ಬಂದು, ಇಲ್ಲೇ ಓದಿ, ಸಚ್ಚಾರಿತ್ರ್ಯವಿರುವವರಿಗೆ ಕಾಯಂ ವಾಸ, ಮುಂದೆ ಪೌರತ್ವ ಎಂಬುದು ಅದರ ತಿರುಳು. ಎರಡೂ ಪಕ್ಷಗಳ ಬೆಂಬಲವಿತ್ತು. ವಿಚಾರಣೆಯ ದಿನವೂ ಗೊತ್ತಾಗಿತ್ತು: 2001ರ ಸೆಪ್ಟೆಂಬರ್ 12. ಹಿಂದಿನ ದಿನ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. ವಿಚಾರಣೆ ರದ್ದಾಯಿತು. ವಲಸೆಯೆಂದರೆ ಭದ್ರತೆಯ ಪ್ರಶ್ನೆ ಎಂದು ನೋಡುವ ಕಾಲ ಶುರುವಾಯಿತು.

ಆಮೇಲೆ ಮಸೂದೆ ಬೇರೆ ಬೇರೆ ರೂಪದಲ್ಲಿ ಬಂತು, ಬಿದ್ದಿತು. ಸೆನೆಟ್‌ನ ಪದ್ಧತಿಯಂತೆ ವಿವಾದದ ಮಸೂದೆ ಮತಕ್ಕೆ ಬರಬೇಕಾದರೆ 100ರಲ್ಲಿ 60 ಮಂದಿಯ ಸಮ್ಮತಿ ಬೇಕು. 2007ರಲ್ಲಿ ಸಿಕ್ಕಿದ್ದು 52. 2010ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆ 216–198ರಲ್ಲಿ ಒಪ್ಪಿ ಕಳುಹಿಸಿತು. ಹತ್ತು ದಿನದ ನಂತರ, ಡಿಸೆಂಬರ್ 18ರಂದು, ಸೆನೆಟ್‌ನಲ್ಲಿ ಪರವಾಗಿ 55, ವಿರುದ್ಧ 41. ಐದು ಮತ ಕಡಿಮೆ. ಮೂವರು ರಿಪಬ್ಲಿಕನ್ನರು ಪರವಾಗಿ ಮತ ಹಾಕಿದರು, ಐವರು ಡೆಮಾಕ್ರಟರು ವಿರುದ್ಧವಾಗಿ ಹಾಕಿದರು. ಒಂಬತ್ತು ವರ್ಷದ ಹಿಂದೆ ಮಸೂದೆಗೆ ಜೊತೆಯಾಗಿದ್ದ ಹ್ಯಾಚ್ ಆ ದಿನ ಸದನಕ್ಕೇ ಬರಲಿಲ್ಲ. ಈ ಇಡೀ ಇತಿಹಾಸದಲ್ಲಿ ಗುರಿಗೆ ಅತಿ ಹತ್ತಿರ ಹೋದದ್ದು ಅಂದೇ. ತಪ್ಪಿಹೋದದ್ದಕ್ಕೆ ಎರಡು ಪಕ್ಷಗಳೂ ಹೊಣೆ ಎಂಬುದನ್ನು ಡೆಮಾಕ್ರಟರ ಬೆಂಬಲಿಗರು ಮರೆಯಬಾರದು.

ಆ ಹೊತ್ತಿಗೆ ಯುವಜನರೇ ಬೀದಿಗೆ ಇಳಿದಿದ್ದರು. 2010ರ ಹೊಸ ವರ್ಷದ ದಿನ ನಾಲ್ವರು ವಿದ್ಯಾರ್ಥಿಗಳು ಮಯಾಮಿಯಿಂದ ವಾಷಿಂಗ್ಟನ್‌ಗೆ ಕಾಲ್ನಡಿಗೆಯಲ್ಲಿ ಹೊರಟರು. ದಾರಿ ಸುಮಾರು 1,500 ಮೈಲಿ. ಅದುವರೆಗೆ ಹೆಸರು ಮರೆಸಿಕೊಂಡು ಬದುಕುತ್ತಿದ್ದವರು ವೇದಿಕೆ ಹತ್ತಿ, ನಮ್ಮಲ್ಲಿ ಕಾಗದವಿಲ್ಲ, ನಮಗೆ ಹೆದರಿಕೆಯೂ ಇಲ್ಲ ಎಂದು ಸಾರತೊಡಗಿದರು. 2011ರ ಜೂನ್‌ನಲ್ಲಿ ಪತ್ರಕರ್ತ ಹೋಸೆ ಆಂಟೋನಿಯೊ ವರ್ಗಾಸ್ ‘ನ್ಯೂಯಾರ್ಕ್ ಟೈಮ್ಸ್’ನ ವಾರಪತ್ರಿಕೆಯಲ್ಲಿ ತಮ್ಮ ಕಥೆ ಬರೆದರು. ಫಿಲಿಪ್ಪೀನ್ಸ್‌ನಿಂದ ಹನ್ನೆರಡರ ಹುಡುಗನಾಗಿ ಅಜ್ಜನ ಮನೆಗೆ ಬಂದವರು ಅವರು. ಹದಿನಾರಕ್ಕೆ ಲೈಸೆನ್ಸ್ ಮಾಡಿಸಲು ಹೋದಾಗ ಕೌಂಟರಿನಲ್ಲಿದ್ದ ಹೆಂಗಸು ತಗ್ಗಿದ ದನಿಯಲ್ಲಿ, ಈ ಗ್ರೀನ್ ಕಾರ್ಡ್ ನಕಲಿ, ಮತ್ತೆ ಇಲ್ಲಿಗೆ ಬರಬೇಡ ಎಂದು ಕಳುಹಿಸಿದ್ದಳು. ಆ ಹುಡುಗನೇ ಮುಂದೆ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ಪುಲಿಟ್ಜರ್ ಪ್ರಶಸ್ತಿ ಗೆದ್ದ ತಂಡದ ವರದಿಗಾರನಾದ. ಮರುವರ್ಷ ಸರ್ಕಾರ ರಕ್ಷಣೆ ಘೋಷಿಸಿದಾಗ ವಯೋಮಿತಿ 31 ಎಂದಿತು. ವರ್ಗಾಸ್‌ಗೆ 31 ತುಂಬಿ ನಾಲ್ಕು ತಿಂಗಳಾಗಿತ್ತು.

ಆ ಘೋಷಣೆ ಬಂದದ್ದು 2012ರ ಜೂನ್ 15ರಂದು, ಪ್ಲೈಲರ್ ತೀರ್ಪಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ. ಶ್ವೇತಭವನದ ಹೂದೋಟದಲ್ಲಿ ನಿಂತು ಬರಾಕ್ ಒಬಾಮ ‘ಡಾಕಾ’ ಯೋಜನೆ ಪ್ರಕಟಿಸಿದರು. ಅದರ ಆಧಾರ ಗೃಹ ಭದ್ರತಾ ಕಾರ್ಯದರ್ಶಿ ಜಾನೆಟ್ ನೆಪೊಲಿಟಾನೊ ಸಹಿ ಹಾಕಿದ ಬರೀ ಮೂರು ಪುಟದ ಟಿಪ್ಪಣಿ. ಹದಿನಾರು ತುಂಬುವ ಮೊದಲು ಅಮೆರಿಕಕ್ಕೆ ಬಂದಿರಬೇಕು. 2007ರ ಜೂನ್ 15ರಿಂದ ಅಲ್ಲೇ ಇರಬೇಕು. ಘೋಷಣೆಯ ದಿನ 31 ತುಂಬಿರಬಾರದು. ಓದುತ್ತಿರಬೇಕು, ಹೈಸ್ಕೂಲು ಮುಗಿಸಿರಬೇಕು, ಇಲ್ಲವೇ ಸೇನೆಯಲ್ಲಿ ಗೌರವದಿಂದ ಸೇವೆ ಮಾಡಿರಬೇಕು. ಗಂಭೀರ ಅಪರಾಧದ ದಾಖಲೆ ಇರಬಾರದು. ಇಷ್ಟಿದ್ದು, ಆಗಿನ ಶುಲ್ಕ 465 ಡಾಲರ್ ಕಟ್ಟಿ, ಬೆರಳಚ್ಚು ಕೊಟ್ಟರೆ ಎರಡು ವರ್ಷ ಗಡೀಪಾರು ಇಲ್ಲ, ಕೆಲಸಕ್ಕೆ ಪರವಾನಗಿ ಸಿಗುತ್ತದೆ. ಎರಡು ವರ್ಷ ಕಳೆದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಬೆರಳಚ್ಚು.

ಇದರಿಂದ ಸಿಕ್ಕಿದ್ದೆಷ್ಟು, ಸಿಗದೆ ಉಳಿದದ್ದೆಷ್ಟು ಎಂಬುದನ್ನು ಸರಿಯಾಗಿ ತಿಳಿಯಬೇಕು. ಸಿಕ್ಕಿದ್ದು ಕಡಿಮೆಯಲ್ಲ. ಈವರೆಗೆ 8 ಲಕ್ಷಕ್ಕೂ ಹೆಚ್ಚು ಮಂದಿ ಇದರ ಅಡಿ ಕೆಲಸ ಹಿಡಿದರು, ತೆರಿಗೆ ಕಟ್ಟಿದರು, ಶಿಕ್ಷಕರಾದರು, ನರ್ಸುಗಳಾದರು, ಮನೆ ಕೊಂಡರು. ಆದರೆ ಇದು ಪೌರತ್ವವಲ್ಲ, ಗ್ರೀನ್ ಕಾರ್ಡಿನ ಕಡೆಗೆ ಹೋಗುವ ಹಾದಿಯೂ ಅಲ್ಲ, ಹಕ್ಕಂತೂ ಅಲ್ಲವೇ ಅಲ್ಲ. ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲವಿಲ್ಲ, ಮತದಾನವಿಲ್ಲ, ಮುಂಗಡ ಅನುಮತಿಯಿಲ್ಲದೆ ದೇಶ ಬಿಟ್ಟರೆ ಮರಳುವಂತಿಲ್ಲ. ಊರಲ್ಲಿ ಅಜ್ಜಿ ಸತ್ತರೂ ಅರ್ಜಿ ಹಾಕಿ ಕಾಯಬೇಕು. ಇದು ತಾತ್ಕಾಲಿಕ ಕ್ರಮವಷ್ಟೇ ಎಂದು ಒಬಾಮ ಅಂದೇ ಹೇಳಿದ್ದರು. ಆ ತಾತ್ಕಾಲಿಕದಲ್ಲೇ ಒಂದು ತಲೆಮಾರಿನ ಯೌವನ ಕಳೆದಿದೆ.

ಕಾನೂನಿನ ದೃಷ್ಟಿಯಿಂದ ಡಾಕಾದ ಬೇರು ಎಲ್ಲಿದೆ? ಇದರ ಹಿಂದೆ ಬೀಟಲ್ಸ್‌ನ ಜಾನ್ ಲೆನನ್ ಕಥೆಯಿದೆ. 1972ರಲ್ಲಿ ನಿಕ್ಸನ್ ಸರ್ಕಾರ ಲೆನನ್‌ರನ್ನು ದೇಶದಿಂದ ಹೊರಹಾಕಲು ಹೊರಟಿತು. ಅವರ ವಕೀಲ ಲಿಯಾನ್ ವೈಲ್ಡ್ಸ್ ಮಾಹಿತಿ ಹಕ್ಕಿನ ಕಾನೂನು ಬಳಸಿ ವಲಸೆ ಇಲಾಖೆಯ ಕಡತಗಳನ್ನು ಹೊರಗೆಳೆದರು. ಕಾಯಿಲೆಯವರು, ವೃದ್ಧರು, ಮಕ್ಕಳು ಮುಂತಾದ ಸಾವಿರಕ್ಕೂ ಹೆಚ್ಚು ಪ್ರಕರಣಗಳನ್ನು ಇಲಾಖೆ ಕರುಣೆಯ ನೆಲೆಯಲ್ಲಿ ಸದ್ದಿಲ್ಲದೆ ಪಕ್ಕಕ್ಕಿಡುತ್ತಿತ್ತು ಎಂದು ಆಗ ಬಯಲಾಯಿತು. ಎಲ್ಲರನ್ನೂ ಗಡೀಪಾರು ಮಾಡಲು ಸರ್ಕಾರಕ್ಕೆ ಹಣವೂ ಸಿಬ್ಬಂದಿಯೂ ಸಾಲದು. ಯಾರ ಮೇಲೆ ಮೊದಲು ಕ್ರಮ, ಯಾರನ್ನು ಸದ್ಯಕ್ಕೆ ಬಿಡುವುದು ಎಂಬ ವಿವೇಚನೆ ಕಾರ್ಯಾಂಗಕ್ಕೆ ಇದ್ದೇ ಇದೆ. ಡಾಕಾ ನಿಂತಿರುವುದು ಈ ವಿವೇಚನಾಧಿಕಾರದ ಮೇಲೆ.

ವಿರೋಧಿಗಳ ಪ್ರಶ್ನೆಯನ್ನು ದ್ವೇಷವೆಂದು ತಳ್ಳಿಹಾಕಲಾಗದು. ಒಬ್ಬೊಬ್ಬರ ಪ್ರಕರಣ ನೋಡಿ ಬಿಡುವುದು ಬೇರೆ, ಲಕ್ಷಾಂತರ ಜನರ ಒಂದು ವರ್ಗಕ್ಕೇ ನಿಯಮ ಬರೆದು ಕೆಲಸದ ಪರವಾನಗಿಯನ್ನೂ ಕೊಡುವುದು ಬೇರೆ. ಶಾಸಕಾಂಗ ತಿರಸ್ಕರಿಸಿದ ಮಸೂದೆಯನ್ನು ಅಧ್ಯಕ್ಷರು ಟಿಪ್ಪಣಿಯ ಮೂಲಕ ಜಾರಿಗೊಳಿಸಬಹುದೇ? ಆದೇಶ ಹೊರಡಿಸಿ ಗಡೀಪಾರು ನಿಲ್ಲಿಸಲು ತಮಗೆ ಬರುವುದಿಲ್ಲವೆಂದು ಒಬಾಮ ಅವರೇ 2011ರಲ್ಲಿ ಹೇಳಿದ್ದರು. ನಾನು ಡಾಕಾ ಬೇಕೆನ್ನುವವನು. ಆದರೆ ಈ ಪ್ರಶ್ನೆ ಗಟ್ಟಿಯಾದದ್ದು, ಇದಕ್ಕೆ ತೃಪ್ತಿಕರ ಉತ್ತರ ಕೊಡುವುದು ಶಾಸಕಾಂಗದಿಂದ ಮಾತ್ರ ಸಾಧ್ಯ ಎಂದು ಒಪ್ಪಲೇಬೇಕು. ಅದೇ ವಿರೋಧಿಗಳ ಇನ್ನೊಂದು ವಾದ ಮಾತ್ರ ನಿಲ್ಲುವುದಿಲ್ಲ. 2014ರಲ್ಲಿ, ಹೆಚ್ಚಾಗಿ ಮಧ್ಯ ಅಮೆರಿಕದಿಂದ, ಸುಮಾರು 68,000 ಮಕ್ಕಳು ಹಿರಿಯರ ಜೊತೆಯಿಲ್ಲದೆ ಗಡಿಗೆ ಬಂದಾಗ ಡಾಕಾ ಆಸೆ ಹುಟ್ಟಿಸಿತು ಎಂದರು. ಆ ಮಕ್ಕಳಲ್ಲಿ ಹೊಸದಾಗಿ ಬಂದ ಒಬ್ಬರಿಗೂ ಡಾಕಾ ಅನ್ವಯಿಸುತ್ತಿರಲಿಲ್ಲ, ಏಕೆಂದರೆ ಅದು 2007ರ ಜೂನ್ 15ಕ್ಕೆ ಮೊದಲು ಬಂದವರಿಗೆ ಮಾತ್ರ.

2013ರಲ್ಲಿ ಸೆನೆಟ್ 68–32ರ ಭಾರಿ ಬಹುಮತದಿಂದ ಸಮಗ್ರ ವಲಸೆ ಮಸೂದೆ ಒಪ್ಪಿತು. ಪ್ರತಿನಿಧಿ ಸಭೆಯ ರಿಪಬ್ಲಿಕನ್ ನಾಯಕತ್ವ ಅದನ್ನು ಮತಕ್ಕೇ ಹಾಕಲಿಲ್ಲ. ಬೇಸತ್ತ ಒಬಾಮ 2014ರ ನವೆಂಬರಿನಲ್ಲಿ ಡಾಕಾವನ್ನು ಹಿಗ್ಗಿಸಿ, ಅಮೆರಿಕದಲ್ಲೇ ಹುಟ್ಟಿದ ಮಕ್ಕಳ ತಂದೆ ತಾಯಿಗೂ ಅಂಥದೇ ರಕ್ಷಣೆ ಕೊಡಲು ಮುಂದಾದರು. ಟೆಕ್ಸಸ್ ಮುಂದಾಳತ್ವದಲ್ಲಿ 26 ರಾಜ್ಯಗಳು ಕೋರ್ಟಿಗೆ ಹೋದವು. ಗಡಿಯ ಊರಾದ ಬ್ರೌನ್ಸ್‌ವಿಲ್‌ನ ನ್ಯಾಯಾಧೀಶ ಆಂಡ್ರ್ಯೂ ಹೇನನ್ ತಡೆಯಾಜ್ಞೆ ಕೊಟ್ಟರು. ಇಷ್ಟು ಮಂದಿಗೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಖರ್ಚು ಟೆಕ್ಸಸ್ ಮೇಲೆ ಬೀಳುತ್ತದೆ, ಹಾಗಾಗಿ ಮೊಕದ್ದಮೆ ಹೂಡಲು ಅದಕ್ಕೆ ಹಕ್ಕಿದೆ ಎಂಬುದು ಆಧಾರ. ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡು ಎಂಟೇ ಮಂದಿ ಉಳಿದಿದ್ದ ಸುಪ್ರೀಂ ಕೋರ್ಟ್ 2016ರ ಜೂನ್‌ನಲ್ಲಿ 4–4 ಸಮವಾಗಿ ಒಡೆಯಿತು. ಸಮವಾದರೆ ಕೆಳಗಿನ ತೀರ್ಪೇ ಉಳಿಯುತ್ತದೆ. ಸುಮಾರು 40 ಲಕ್ಷ ತಂದೆ ತಾಯಿಯರ ರಕ್ಷಣೆ ಹುಟ್ಟುವ ಮೊದಲೇ ಹೋಯಿತು.

ಡಾಕಾದ ರಕ್ಷಣೆ ಎಷ್ಟು ತೆಳು ಎಂಬುದು 2017ರ ಸೆಪ್ಟೆಂಬರ್ 5ರಂದು ಗೊತ್ತಾಯಿತು. ಟ್ರಂಪ್ ಸರ್ಕಾರದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಡಾಕಾ ರದ್ದೆಂದು ಪ್ರಕಟಿಸಿದರು. ಆಗ ಸುಮಾರು 6.9 ಲಕ್ಷ ಮಂದಿ ಅದರ ಅಡಿ ಇದ್ದರು. ಆರು ತಿಂಗಳೊಳಗೆ ಅವಧಿ ಮುಗಿಯುವವರು ಮಾತ್ರ ಒಂದು ಸಲ ನವೀಕರಿಸಿಕೊಳ್ಳಬಹುದು, ಅರ್ಜಿ ಅಕ್ಟೋಬರ್ 5ರೊಳಗೆ ತಲುಪಬೇಕು. ಒಂದೇ ತಿಂಗಳಲ್ಲಿ ಶುಲ್ಕದ ಹಣ ಹೊಂದಿಸಬೇಕು, ವಕೀಲರನ್ನು ಕಾಣಬೇಕು, ಲಕೋಟೆ ಅಂಚೆಗೆ ಹಾಕಬೇಕು. ಎಷ್ಟೋ ಮಂದಿಯ ಲಕೋಟೆಗಳು ಅಂಚೆಯ ವಿಳಂಬದಿಂದ ಗಡುವು ಮೀರಿ ತಲುಪಿ ತಿರಸ್ಕೃತವಾದವು. ಪತ್ರಿಕೆಗಳು ಬರೆದವು, ಅಂಚೆ ಇಲಾಖೆ ತನ್ನ ತಪ್ಪನ್ನು ಒಪ್ಪಿತು. ಆಮೇಲೆ ನವೆಂಬರಿನಲ್ಲಿ ಆ ಅರ್ಜಿಗಳನ್ನು ಮತ್ತೆ ನೋಡುವುದಾಗಿ ವಲಸೆ ಇಲಾಖೆ ಹೇಳಿತು. ಒಬ್ಬರ ಕೆಲಸ, ಮನೆ, ಓದು ಎಲ್ಲವೂ ಒಂದು ಲಕೋಟೆ ಯಾವ ದಿನ ತಲುಪಿತು ಎಂಬುದರ ಮೇಲೆ ನಿಂತಿತ್ತು.

ಮೊಕದ್ದಮೆಗಳು ದೇಶದ ನಾನಾ ಕಡೆ ದಾಖಲಾದವು. ಅವುಗಳಲ್ಲಿ ಮುಖ್ಯವಾದುದನ್ನು ಹೂಡಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅದರ ಅಧ್ಯಕ್ಷೆ ಬೇರೆ ಯಾರೂ ಅಲ್ಲ, ಐದು ವರ್ಷದ ಹಿಂದೆ ಡಾಕಾ ಟಿಪ್ಪಣಿಗೆ ಸಹಿ ಹಾಕಿದ್ದ ಅದೇ ಜಾನೆಟ್ ನೆಪೊಲಿಟಾನೊ. 2018ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಬ್ರೂಕ್ಲಿನ್ ಮತ್ತು ವಾಷಿಂಗ್ಟನ್‌ನ ಕೋರ್ಟುಗಳೂ ಅದೇ ಹಾದಿ ಹಿಡಿದವು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದಾಗ ಯುವಜನರ ಪರ ವಕೀಲರ ಮೇಜಿನಲ್ಲಿ ಸ್ವತಃ ಡಾಕಾ ಪಡೆದ ವಕೀಲರೊಬ್ಬರು ಕೂತಿದ್ದರು.

2020ರ ಜೂನ್ 18ರ ತೀರ್ಪು 5–4. ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. 1982ರಲ್ಲಿ ಪ್ಲೈಲರ್ ತೀರ್ಪು ಬಂದಾಗ ಇವರು ರೇಗನ್ ಸರ್ಕಾರದ ನ್ಯಾಯ ಇಲಾಖೆಯಲ್ಲಿದ್ದ ತರುಣ ವಕೀಲ. ಸರ್ಕಾರ ಟೆಕ್ಸಸ್ ಪರ ವಾದ ಸಲ್ಲಿಸಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು ಎಂದು ಸಹೋದ್ಯೋಗಿಯೊಬ್ಬರ ಜೊತೆ ಟಿಪ್ಪಣಿ ಬರೆದಿದ್ದವರು. ಅದೇ ರಾಬರ್ಟ್ಸ್ ಈಗ ಡಾಕಾವನ್ನು ಉಳಿಸಿದರು. ಆದರೆ ಏನೆಂದು ಉಳಿಸಿದರು ಎಂಬುದನ್ನು ಗಮನಿಸಬೇಕು. ಡಾಕಾ ಸರಿ ಎಂದು ಅವರು ಹೇಳಲಿಲ್ಲ. ಅದನ್ನು ರದ್ದುಮಾಡುವ ಅಧಿಕಾರ ಸರ್ಕಾರಕ್ಕಿದೆ ಎಂದೂ ಒಪ್ಪಿದರು. ಇದನ್ನೇ ನಂಬಿ ಬದುಕು ಕಟ್ಟಿಕೊಂಡವರ ಗತಿಯೇನು, ಕೆಲಸದ ಪರವಾನಗಿ ತೆಗೆದು ಗಡೀಪಾರಿನಿಂದ ರಕ್ಷಣೆಯನ್ನಾದರೂ ಉಳಿಸಬಹುದೇ ಎಂದು ಯೋಚಿಸದೆ ರದ್ದುಮಾಡಿದ್ದು ತಪ್ಪು ಎಂದಷ್ಟೇ ಹೇಳಿದರು. ವಿಧಾನ ಸರಿಯಿಲ್ಲ, ಸರಿಯಾಗಿ ಕಾರಣ ಕೊಟ್ಟು ಮತ್ತೆ ಬನ್ನಿ ಎಂಬ ತೀರ್ಪು ಅದು. ಪ್ಲೈಲರ್ ಮಗುವಿನ ಮುಖ ನೋಡಿ ಬರೆದ ತೀರ್ಪಾಗಿದ್ದರೆ, ಇದು ಕಡತ ನೋಡಿ ಬರೆದದ್ದು. ಯುವಜನರು ಕೋರ್ಟಿನ ಮೆಟ್ಟಿಲ ಮೇಲೆ ಅಪ್ಪಿಕೊಂಡು ಅತ್ತರು. ಅವರಿಗೆ ಸಿಕ್ಕಿದ್ದು ಇನ್ನಷ್ಟು ಸಮಯ, ಅಷ್ಟೇ.

ಈ ನಡುವೆ ಶಾಸಕಾಂಗ ಏನು ಮಾಡುತ್ತಿತ್ತು? 2018ರ ಜನವರಿಯಲ್ಲಿ ಈ ವಿಷಯಕ್ಕೇ ಮೂರು ದಿನ ಸರ್ಕಾರದ ಕಚೇರಿಗಳು ಮುಚ್ಚಿದವು. ಫೆಬ್ರುವರಿಯಲ್ಲಿ ಡೆಮಾಕ್ರಟರ ನಾಯಕಿ ನ್ಯಾನ್ಸಿ ಪೆಲೋಸಿ ಪ್ರತಿನಿಧಿ ಸಭೆಯಲ್ಲಿ ಎಂಟು ಗಂಟೆಗೂ ಹೆಚ್ಚು ಹೊತ್ತು ನಿಂತು ಯುವಜನರ ಪತ್ರಗಳನ್ನು ಓದಿದರು. ಟ್ರಂಪ್ 18 ಲಕ್ಷ ಮಂದಿಗೆ ಪೌರತ್ವದ ಹಾದಿ ಕೊಡಲು ಒಪ್ಪಿದರು, ಬದಲಿಗೆ ಗಡಿ ಗೋಡೆಗೆ 2,500 ಕೋಟಿ ಡಾಲರ್ ಮತ್ತು ಕಾನೂನುಬದ್ಧ ವಲಸೆಗೇ ದೊಡ್ಡ ಕಡಿತ ಕೇಳಿದರು. ಫೆಬ್ರುವರಿ 15ರಂದು ಸೆನೆಟ್‌ನಲ್ಲಿ ನಾಲ್ಕು ಪ್ರಸ್ತಾವಗಳು ಬಂದವು, ನಾಲ್ಕೂ ಬಿದ್ದವು. ಎರಡೂ ಪಕ್ಷದವರು ಸೇರಿ ತಂದದ್ದಕ್ಕೆ 54 ಮತ, ಟ್ರಂಪ್ ಬೆಂಬಲಿಸಿದ್ದಕ್ಕೆ 39. ಪ್ರತಿನಿಧಿ ಸಭೆ 2019ರಲ್ಲೂ 2021ರಲ್ಲೂ ಪೌರತ್ವದ ಮಸೂದೆ ಒಪ್ಪಿತು, ಸೆನೆಟ್ ಕೈಗೆತ್ತಿಕೊಳ್ಳಲಿಲ್ಲ. ಬಜೆಟ್ ಮಸೂದೆಯಲ್ಲಿ ಸೇರಿಸಿ ಸರಳ ಬಹುಮತದಿಂದ ದಾಟಿಸುವ ಡೆಮಾಕ್ರಟರ ಯತ್ನವನ್ನು 2021ರ ಸೆಪ್ಟೆಂಬರಿನಲ್ಲಿ ಸೆನೆಟ್‌ನ ನಿಯಮಾಧಿಕಾರಿ ತಡೆದರು. ನನಗೆ ಇದರಲ್ಲಿ ಅತಿ ನೋವಿನದಾಗಿ ಕಾಣುವುದು ಈ ಚೌಕಾಸಿ. ಈ ಯುವಜನರು ಉಳಿಯಬೇಕೆಂದು ಎರಡೂ ಪಕ್ಷದ ನಾಯಕರು ಮೈಕಿನ ಮುಂದೆ ಹೇಳುತ್ತಾರೆ. ಹಾಗೆ ಎಲ್ಲರಿಗೂ ಬೇಕಾದವರಾಗಿರುವುದರಿಂದಲೇ ಅವರನ್ನು ಒತ್ತೆ ಇಟ್ಟು ಬೇರೇನನ್ನೋ ಕೇಳಬಹುದು ಎಂಬ ಲೆಕ್ಕಾಚಾರ ನಡೆಯುತ್ತದೆ.

ಇನ್ನೊಂದು ಎಳೆ ಟೆಕ್ಸಸ್‌ನಿಂದಲೇ ಮತ್ತೆ ಹೊರಟಿತು. 2018ರಲ್ಲಿ ಅದು ಮತ್ತಿತರ ರಾಜ್ಯಗಳೊಂದಿಗೆ ಮೂಲ ಡಾಕಾವನ್ನೇ ಪ್ರಶ್ನಿಸಿತು. ಪ್ರಕರಣ ಹೋದದ್ದು ಅದೇ ಹೇನನ್ ಮುಂದೆ. 2021ರ ಜುಲೈ 16ರಂದು ಅವರು ಡಾಕಾ ಕಾನೂನುಬಾಹಿರ ಎಂದರು. ಇದ್ದವರು ನವೀಕರಿಸಿಕೊಳ್ಳಬಹುದು, ಹೊಸಬರಿಗೆ ಮಂಜೂರು ಮಾಡುವಂತಿಲ್ಲ. ಬೈಡನ್ ಸರ್ಕಾರ 2022ರಲ್ಲಿ ಟಿಪ್ಪಣಿಯ ಬದಲು ಪೂರ್ಣ ಪ್ರಮಾಣದ ನಿಯಮಾವಳಿಯನ್ನೇ ಹೊರಡಿಸಿತು. 2023ರಲ್ಲಿ ಹೇನನ್ ಅದನ್ನೂ ಒಪ್ಪಲಿಲ್ಲ. ಮೇಲ್ಮನವಿಯಲ್ಲಿ ಐದನೇ ಸರ್ಕಿಟ್ ಕೋರ್ಟ್ 2025ರ ಜನವರಿ 17ರಂದು, ಟ್ರಂಪ್ ಮತ್ತೆ ಅಧಿಕಾರ ವಹಿಸುವ ಮೂರು ದಿನ ಮೊದಲು, ಒಂದು ವಿಚಿತ್ರ ಪರಿಹಾರ ಹೇಳಿತು. ತಡೆ ಟೆಕ್ಸಸ್‌ಗೆ ಮಾತ್ರ ಸೀಮಿತವಾಗಲಿ, ಗಡೀಪಾರಿನಿಂದ ರಕ್ಷಣೆಯನ್ನೂ ಕೆಲಸದ ಪರವಾನಗಿಯನ್ನೂ ಬೇರ್ಪಡಿಸಬಹುದು ಎಂದಿತು. ಇದು ಹಾಗೇ ಜಾರಿಗೆ ಬಂದರೆ ಟೆಕ್ಸಸ್‌ನಲ್ಲಿರುವ ಹತ್ತಾರು ಸಾವಿರ ಮಂದಿ ದೇಶದಲ್ಲಿ ಇರಬಹುದು, ದುಡಿಯುವಂತಿಲ್ಲ ಎಂಬಂತಾಗುತ್ತದೆ. ಇರಲು ಬಿಟ್ಟು ಉಣ್ಣಲು ಬಿಡದ ರಕ್ಷಣೆ ಯಾವ ರಕ್ಷಣೆ?

2025ರಲ್ಲಿ ಪರಿಸ್ಥಿತಿ ಇನ್ನಷ್ಟು ಬಿಗಿಯಾಯಿತು. ಬೈಡನ್ ಕಾಲದಲ್ಲಿ ತೆರೆದಿದ್ದ ಆರೋಗ್ಯ ವಿಮೆ ಮಾರುಕಟ್ಟೆಯ ಬಾಗಿಲನ್ನು ಆಗಸ್ಟ್‌ನಲ್ಲಿ ಮುಚ್ಚಲಾಯಿತು. ಡಾಕಾ ಇದ್ದವರನ್ನೂ ವಲಸೆ ಅಧಿಕಾರಿಗಳು ಬಂಧಿಸಿದ ಪ್ರಕರಣಗಳು ವರದಿಯಾದವು. ಡಾಕಾ ಇದ್ದ ಮಾತ್ರಕ್ಕೆ ಗಡೀಪಾರಿನಿಂದ ತಾನಾಗಿ ರಕ್ಷಣೆ ಸಿಗುವುದಿಲ್ಲ ಎಂದು ಗೃಹ ಭದ್ರತಾ ಇಲಾಖೆ ಹೇಳಿತು. 2001ರಲ್ಲಿ ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ ಸಹಿಯೊಂದಿಗೆ, ಕಾಗದವಿಲ್ಲದ ವಿದ್ಯಾರ್ಥಿಗಳಿಗೂ ರಾಜ್ಯದವರ ಶುಲ್ಕವನ್ನೇ ನಿಗದಿ ಮಾಡಿದ ಮೊದಲ ರಾಜ್ಯ ಟೆಕ್ಸಸ್. 2025ರ ಜೂನ್ 4ರಂದು ಕೇಂದ್ರ ಸರ್ಕಾರ ಆ ಕಾನೂನಿನ ವಿರುದ್ಧ ಮೊಕದ್ದಮೆ ಹೂಡಿತು, ಟೆಕ್ಸಸ್ ಅದೇ ದಿನ ಒಪ್ಪಿಕೊಂಡಿತು, ಸಂಜೆಯೊಳಗೆ ಕೋರ್ಟ್ ಆದೇಶ ಬಂತು. ಇಪ್ಪತ್ತನಾಲ್ಕು ವರ್ಷದ ಕಾನೂನು ಕೆಲವೇ ಗಂಟೆಗಳಲ್ಲಿ ಹೋಯಿತು. ಫ್ಲಾರಿಡಾ ಕೂಡ 2014ರಲ್ಲಿ ಮಾಡಿದ್ದ ಅಂಥದೇ ಕಾನೂನನ್ನು ಅದೇ ವರ್ಷ ಹಿಂದಕ್ಕೆ ತೆಗೆದುಕೊಂಡಿತು. ಟೆನೆಸಿಯಲ್ಲಿ ಶಾಲಾ ಮಕ್ಕಳ ವಾಸದ ಕಾಗದ ಕೇಳುವ ಮಸೂದೆ ರಾಜ್ಯದ ಸೆನೆಟ್‌ನಲ್ಲಿ ಅಂಗೀಕಾರವಾಯಿತು. ಕೆಳಮನೆಯಲ್ಲಿ ನಿಂತಿತು ಎಂಬುದು ಸಮಾಧಾನ, ಆದರೆ ಅದರ ಗುರಿ ಪ್ಲೈಲರ್ ತೀರ್ಪೇ.

ಕನ್ನಡಿಗರಿಗೂ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಎಚ್-1ಬಿ ವೀಸಾ ಮೇಲೆ ಹೋದ ಎಂಜಿನಿಯರುಗಳ ಜೊತೆ ಎರಡು ಮೂರು ವರ್ಷದ ಮಕ್ಕಳೂ ಹೋದವು. ಒಂದೊಂದು ದೇಶಕ್ಕೆ ವರ್ಷಕ್ಕೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಗ್ರೀನ್ ಕಾರ್ಡ್ ಸರದಿ ದಶಕಗಳಷ್ಟು ಉದ್ದವಿದೆ. ಅಪ್ಪನ ಸರದಿ ಬರುವ ಮೊದಲೇ ಮಗಳಿಗೆ 21 ತುಂಬಿದರೆ ಅವಳು ಅವಲಂಬಿತ ವೀಸಾ ಕಳೆದುಕೊಳ್ಳುತ್ತಾಳೆ. ಆಮೇಲೆ ವಿದೇಶಿ ವಿದ್ಯಾರ್ಥಿಯ ವೀಸಾಕ್ಕೆ ಬದಲಾಗಬೇಕು, ತಾನು ಬೆಳೆದ ಊರಿನಲ್ಲೇ ಹೊರದೇಶದವರ ಶುಲ್ಕ ಕಟ್ಟಬೇಕು, ಓದು ಮುಗಿಸಿ ಎಚ್-1ಬಿ ಲಾಟರಿಯಲ್ಲಿ ಹೆಸರು ಬರಲೆಂದು ಕಾಯಬೇಕು. ಬರದಿದ್ದರೆ ಹೊರಡಬೇಕು, ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಗೆ ಬಂದು ಹೋದಷ್ಟೇ ಪರಿಚಯವಿರುವ ಬೆಂಗಳೂರಿಗೆ. ಇಂಥ ಮಕ್ಕಳ ಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚೆಂದು ಅಂದಾಜು, ಅವರಲ್ಲಿ ಭಾರತೀಯರದೇ ದೊಡ್ಡ ಪಾಲು.

ಇವರಿಗೆ ಡಾಕಾ ಸಿಗುವುದಿಲ್ಲ. 2012ರ ಜೂನ್ 15ರಂದು ಕಾನೂನುಬದ್ಧ ವಾಸವಿಲ್ಲದವರಿಗೆ ಮಾತ್ರ ಅದು. ಅಪ್ಪ ಅಮ್ಮ ಒಂದು ದಿನವೂ ನಿಯಮ ಮೀರದೆ ಇದ್ದದ್ದೇ ಈ ಮಕ್ಕಳನ್ನು ಹೊರಗಿಟ್ಟಿತು. ಇವರಿಗಾಗಿ 2021ರಿಂದ ಡೆಮಾಕ್ರಟರಾದ ಡೆಬೊರಾ ರಾಸ್, ಅಲೆಕ್ಸ್ ಪಡಿಯಾ, ರಿಪಬ್ಲಿಕನ್ನರಾದ ರಾಂಡ್ ಪಾಲ್ ಮುಂತಾದವರು ‘ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್’ ಮಂಡಿಸುತ್ತ ಬಂದಿದ್ದಾರೆ. 2022ರಲ್ಲಿ ಪ್ರತಿನಿಧಿ ಸಭೆಯು ರಕ್ಷಣಾ ಮಸೂದೆಗೆ ಇದನ್ನು ಸೇರಿಸಿತ್ತು, ಅಂತಿಮ ರೂಪದಲ್ಲಿ ಕೈಬಿಡಲಾಯಿತು. ವಯಸ್ಸಿನ ಲೆಕ್ಕದಲ್ಲಿ 2023ರಲ್ಲಿ ಕೊಟ್ಟಿದ್ದ ಸಣ್ಣ ಸಡಿಲಿಕೆಯೂ 2025ರ ಆಗಸ್ಟ್‌ನಲ್ಲಿ ಹೋಯಿತು. ನಮ್ಮ ಅನಿವಾಸಿ ಬಂಧುಗಳಲ್ಲಿ ಕೆಲವರು, ನಾವು ಸರಿಯಾದ ದಾರಿಯಲ್ಲಿ ಬಂದವರು, ಗಡಿ ಹಾರಿ ಬಂದವರ ಜೊತೆ ನಮ್ಮನ್ನು ಸೇರಿಸಬೇಡಿ ಎನ್ನುತ್ತಾರೆ. ಅವರ ಬೇಗುದಿ ಅರ್ಥವಾಗುತ್ತದೆ. ಆದರೂ ನನಗೆ ಆ ಮಾತು ಒಪ್ಪಿಗೆಯಿಲ್ಲ. ಎರಡು ವರ್ಷದ ಮಗು ಯಾವ ದಾರಿಯಲ್ಲೂ ತಾನಾಗಿ ಬರಲಿಲ್ಲ. ಮೆಕ್ಸಿಕೊದ ಮಗುವಿಗೂ ಮಂಡ್ಯದ ಮಗುವಿಗೂ ಆ ದೇಶ ತಾಯ್ನೆಲವಾದದ್ದು ಒಂದೇ ರೀತಿಯಲ್ಲಿ.

ಹಾಗೆಂದು ‘ಮಗುವಿನ ತಪ್ಪಿಲ್ಲ’ ಎಂಬ ವಾದವನ್ನೇ ಕೊನೆಯವರೆಗೂ ಹಿಡಿದುಕೊಳ್ಳುವುದರಲ್ಲಿ ಅಪಾಯವಿದೆ. ಮಗು ನಿರ್ದೋಷಿ ಎಂದೊಡನೆ ಅಪ್ಪ ಅಮ್ಮ ದೋಷಿಗಳೆಂದು ಒಪ್ಪಿದಂತಾಗುತ್ತದೆ. ಮೊದಲ ವರ್ಷಗಳಲ್ಲಿ ಈ ವಾದವನ್ನು ಬಳಸಿದ ಯುವ ಹೋರಾಟಗಾರರೇ ನಂತರ ಅದನ್ನು ಬಿಟ್ಟರು. ತಮ್ಮನ್ನು ಹೊಲದಲ್ಲಿ ದುಡಿದು ಸಾಕಿದ ತಾಯಿಯನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿ ತಮಗೆ ಕಾಗದ ಕೊಡಿ ಎನ್ನಲು ಅವರಿಗೆ ಮನಸ್ಸು ಒಪ್ಪಲಿಲ್ಲ.

ಇಷ್ಟರ ನಡುವೆ ಎಲ್ಲರ ಕಣ್ಣು ತಪ್ಪಿಸಿ ಒಂದು ಬದಲಾವಣೆ ಆಗಿಹೋಗಿದೆ. ಡಾಕಾ ಇಂದು ಯುವಜನರ ಯೋಜನೆಯಾಗಿ ಉಳಿದಿಲ್ಲ. ಅದರ ಅಡಿ ಇರುವ ಅತಿ ಹಿರಿಯರಿಗೆ ನಲವತ್ತು ದಾಟಿ ಬಹಳ ಕಾಲವಾಗಿದೆ, ಅವರ ಮಕ್ಕಳೇ ಹೈಸ್ಕೂಲಿನಲ್ಲಿದ್ದಾರೆ. ಒಂದು ಕಾಲಕ್ಕೆ 6.9 ಲಕ್ಷವಿದ್ದ ಸಂಖ್ಯೆ 2024ರ ಕೊನೆಗೆ 5.3 ಲಕ್ಷದ ಆಸುಪಾಸಿಗೆ ಇಳಿದಿತ್ತು. ‘2007ರ ಜೂನ್ 15ಕ್ಕೆ ಮೊದಲು ಬಂದಿರಬೇಕು’ ಎಂಬ ಷರತ್ತು ಒಂದು ದಿನವೂ ಮುಂದಕ್ಕೆ ಸರಿದಿಲ್ಲ. ಇಂದು ಹೈಸ್ಕೂಲು ಮುಗಿಸುವ ಕಾಗದವಿಲ್ಲದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹುಟ್ಟಿದ್ದೇ ಆ ತಾರೀಖಿನ ನಂತರ. ನ್ಯಾಯಾಧೀಶರು ನಾಳೆ ಹೊಸ ಅರ್ಜಿಗಳಿಗೆ ಅವಕಾಶ ಕೊಟ್ಟರೂ ಇವರಿಗೆ ಅದು ತಾಗುವುದಿಲ್ಲ. ಒಂದು ಯೋಜನೆಯ ಬಗ್ಗೆ ವರ್ಷಗಟ್ಟಲೆ ಮೊಕದ್ದಮೆ ನಡೆದು, ಯಾರಿಗಾಗಿ ಅದು ಹುಟ್ಟಿತೋ ಆ ವಯಸ್ಸಿನವರೇ ಅದರ ಹೊರಗೆ ನಿಂತಿದ್ದಾರೆ.

ಹಾಗಾಗಿ ಡಾಕಾ ಉಳಿಯಲಿ ಎಂಬ ಬೇಡಿಕೆ ಸಾಲದು ಎನ್ನುವುದು ನನ್ನ ಅಭಿಪ್ರಾಯ. ಪರಿಹಾರ ಹುಡುಕಲು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಅಮೆರಿಕದ ವಲಸೆ ಕಾನೂನಿನಲ್ಲಿ 1929ರಿಂದಲೂ ‘ರಿಜಿಸ್ಟ್ರಿ’ ಎಂಬ ವಿಧಿಯಿದೆ. ನಿಗದಿತ ತಾರೀಖಿಗೆ ಮೊದಲು ದೇಶಕ್ಕೆ ಬಂದು, ಅಲ್ಲೇ ನೆಲೆಸಿ, ಒಳ್ಳೆಯ ನಡತೆಯಿಂದ ಬದುಕಿದವರಿಗೆ, ಹೇಗೆ ಬಂದರು ಎಂದು ಕೆದಕದೆ, ಕಾಯಂ ವಾಸ ಕೊಡುವ ವಿಧಿ ಅದು. ಕಾಲ ಕಳೆದಂತೆ ಶಾಸಕಾಂಗ ಆ ತಾರೀಖನ್ನು ಹಲವು ಸಲ ಮುಂದಕ್ಕೆ ತಂದಿತು. ಕೊನೆಯ ಬಾರಿ ತಂದದ್ದು 1986ರಲ್ಲಿ, ರೇಗನ್ ಕಾಲದಲ್ಲಿ. ಏಳು ವರ್ಷ ನೆಲೆಸಿದ ಯಾರಿಗಾದರೂ ಅನ್ವಯಿಸುವಂತೆ ಅದನ್ನು ಚಲಿಸುವ ತಾರೀಖಾಗಿ ಮಾಡುವ ಮಸೂದೆಯನ್ನು ಪ್ರತಿನಿಧಿ ಸಭೆಯ ಸದಸ್ಯೆ ಜೋ ಲಾಫ್‌ಗ್ರೆನ್ 2022ರಲ್ಲಿ ತಂದರು, ಅದು ಮತದಾನದವರೆಗೂ ಬರಲಿಲ್ಲ. ಡಾಕಾದವರು, ಅವರ ತಾಯ್ತಂದೆಯರು, 2007ರ ನಂತರ ಬಂದವರು, ಎಲ್ಲರೂ ಈ ಒಂದೇ ತಿದ್ದುಪಡಿಯೊಳಗೆ ಬರುತ್ತಾರೆ. ಇದು ಅಧ್ಯಕ್ಷರ ಟಿಪ್ಪಣಿಯಲ್ಲವಾದ್ದರಿಂದ ಹೇನನ್ ಎತ್ತಿದ ಆಕ್ಷೇಪಕ್ಕೂ ಎಡೆಯಿಲ್ಲ. ರಿಜಿಸ್ಟ್ರಿಯ ತಾರೀಖು ಇಂದಿಗೂ 1972ರ ಜನವರಿ 1ರಲ್ಲೇ ನಿಂತಿದೆ. ಅದನ್ನು ಬದಲಿಸುವ ಅಧಿಕಾರ ಇರುವುದು ಶಾಸಕಾಂಗವಾದ ಕಾಂಗ್ರೆಸ್‌ಗೆ ಮಾತ್ರ, ಮತ್ತು ಅದು ಇನ್ನು ಕಾಯಬಾರದು.